ಕುದುರೆಯ ಅಂದವೂ ಅದರ ಹಕ್ಕೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಯಾವುದೇ ಜಮಾತಿನ ಚಂದಾ ಪುಸ್ತಕವನ್ನು ತೆರೆದು ಅಡ್ಡಹೆಸರುಗಳನ್ನು ಓದುತ್ತಾ ಹೋಗಿ. ನಾಲಬಂದ, ಬಾರಗೀರ, ಶಿಲೇದಾರ, ಚಾಬುಕಸವಾರ. ದಿನವೂ ಕರೆಯುವ ಹೆಸರುಗಳಾದ್ದರಿಂದ ಅವುಗಳ ಅರ್ಥವನ್ನು ನಾವು ವಿಚಾರಿಸುವುದಿಲ್ಲ. ನಾಲಬಂದ ಎಂದರೆ ಕುದುರೆಯ ಗೊರಸಿಗೆ ನಾಲು ಕಟ್ಟುವವನು. ಶಿಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ದಂಡಿಗೆ ಸೇರುವವನು. ಬಾರಗೀರನಿಗೆ ಸ್ವಂತ ಕುದುರೆ ಇಲ್ಲ. ಸರಕಾರದ್ದೋ ಸರದಾರನದ್ದೋ ಕುದುರೆ ಹತ್ತುವವನು. ಚಾಬುಕಸವಾರ ಎಂದರೆ ಎಳೆಯ ಕುದುರೆಯನ್ನು ಪಳಗಿಸಿ ಅದಕ್ಕೆ ನಡೆ ಕಲಿಸುವವನು. ಲಾಯಗಳು ಬರಿದಾಗಿ ತಲೆಮಾರುಗಳೇ ಕಳೆದಿವೆ. ಆದರೂ ಆಧಾರ್ ಕಾರ್ಡಿನಲ್ಲಿ, ಶಾಲೆಯ ಹಾಜರಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ ಆ ಕುದುರೆಗಳು ಇನ್ನೂ ನಮ್ಮ ಜೊತೆಗೇ ನಡೆಯುತ್ತಿವೆ.

ನಮ್ಮ ಹೆಸರುಗಳಲ್ಲೇ ಕೂತಿರುವ ಈ ಪ್ರಾಣಿಯ ಚರಿತ್ರೆಯನ್ನು ಒಮ್ಮೆ ನೋಡೋಣ. ಕುದುರೆಯ ಅಂದವನ್ನು ಮೆಚ್ಚದ ಕಾಲವಿಲ್ಲ, ಮೆಚ್ಚದ ಸಮುದಾಯವೂ ಇಲ್ಲ. ಮೆಚ್ಚಿದವರು ಅದಕ್ಕೆ ಏನು ಮಾಡಿದರು ಎಂಬುದು ಮುಂದಿನ ಪ್ರಶ್ನೆ. ಆ ಪ್ರಶ್ನೆ ಇಂದಿನ ನಮ್ಮ ಮದುವೆಯ ಮೆರವಣಿಗೆಗೂ ಜಾತ್ರೆಯ ಶರ್ಯತ್ತಿಗೂ ಬಂದು ನಿಲ್ಲುತ್ತದೆ.

ಪ್ರಾಣಿಗಳ ಅಂದವನ್ನು ಕಾಣುವುದು ದೀನಿಗೆ ಹೊರಗಿನ ಮಾತಲ್ಲ. ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ ಜಾನುವಾರುಗಳ ಬಿಸುಪು, ಆಹಾರ, ಹೊರೆ ಹೊರುವ ಶಕ್ತಿಯ ಜೊತೆಗೆ ಅವು ಸಂಜೆ ಮನೆಗೆ ಮರಳುವಾಗ ಮತ್ತು ಬೆಳಿಗ್ಗೆ ಮೇಯಲು ಹೊರಡುವಾಗ ನಮಗೆ ಕಾಣುವ ಚೆಲುವನ್ನೂ ಹೇಳುತ್ತಾನೆ. ಮುಂದೆ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗಾಗಿ ಮಾತ್ರವಲ್ಲ, ಶೋಭೆಗಾಗಿಯೂ ಸೃಷ್ಟಿಸಿದ್ದಾಗಿ ತಿಳಿಸುತ್ತಾನೆ. ಸೂರಃ ಸ್ವಾದ್‌ನಲ್ಲಿ ಒಂದು ಸಂಜೆ ಹಝ್ರತ್ ಸುಲೈಮಾನ್(ಅ) ಅವರ ಮುಂದೆ ಉತ್ತಮ ಕುದುರೆಗಳನ್ನು ತರಲಾಯಿತು ಎಂದಿದೆ. ಅಲ್ಲಿ ಬಳಸಿದ ಅರಬಿ ಪದ, ಮೂರು ಕಾಲಿನ ಮೇಲೆ ಭಾರ ಬಿಟ್ಟು ನಾಲ್ಕನೆಯ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುವ ಕುದುರೆಯನ್ನು ಸೂಚಿಸುತ್ತದೆ. ಕುದುರೆಯನ್ನು ಹತ್ತಿರದಿಂದ ನೋಡಿದವರಿಗೆ ಆ ನಿಲುವು ಗೊತ್ತು. ಸುಲೈಮಾನ್(ಅ) ಅವುಗಳ ಕಾಲು, ಕುತ್ತಿಗೆಗಳನ್ನು ಪ್ರೀತಿಯಿಂದ ನೇವರಿಸಿದರು ಎಂಬುದು ಮುಫಸ್ಸಿರರ ಒಂದು ವ್ಯಾಖ್ಯಾನ. ಪ್ರವಾದಿ(ಸ) ತಮ್ಮ ಹೊದಿಕೆಯಿಂದ ಕುದುರೆಯ ಮುಖ ಒರೆಸುತ್ತಿದ್ದುದನ್ನು ಕಂಡವರಿದ್ದಾರೆ. ಹಣೆಯಲ್ಲಿ ಬಿಳಿ ಪಟ್ಟೆ, ಕಾಲುಗಳಲ್ಲಿ ಬಿಳುಪು ಇರುವ ಕುದುರೆಯ ಪ್ರಶಂಸೆ ಹದೀಸ್ ಗ್ರಂಥಗಳಲ್ಲಿ ಬಂದಿದೆ. ನಮ್ಮ ಊರಿನ ಹಿರಿಯರು ಅಂಥದನ್ನೇ ಪಂಚಕಲ್ಯಾಣಿ ಎಂದು ಕರೆದು ಮೆಚ್ಚುತ್ತಿದ್ದರು.

ಕುದುರೆಯನ್ನು ಆಡಿಸುವ, ಓಡಿಸುವ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ ಏರಿ ಚೆಂಡಾಡುವ ಆಟದ ವಿವರಣೆಯೇ ಇದೆ. ಆದರೆ ಒಳ್ಳೆಯ ತಳಿಯ ಕುದುರೆ ಇಲ್ಲಿ ಬೇಕಾದಷ್ಟು ಹುಟ್ಟುತ್ತಿರಲಿಲ್ಲ. ಅದು ಅರಬಸ್ತಾನದಿಂದ, ಇರಾನಿನ ಹೊರ್ಮುಜ್ ಬಂದರಿನಿಂದ ಹಡಗೇರಿ ಬರಬೇಕಿತ್ತು. ಕನ್ನಡದ ‘ತೇಜಿ’ ಎಂಬ ಪದಕ್ಕೂ ಅರಬ್ಬೀ ಕುದುರೆಯನ್ನು ಹೇಳುವ ಪಾರ್ಸಿಯ ‘ತಾಜಿ’ಗೂ ನಂಟಿದೆ ಎಂದು ಬಲ್ಲವರು ಹೇಳುತ್ತಾರೆ.

ಹೀಗೆ ಬಂದ ಕುದುರೆಯ ಪಾಡು ಏನಾಗಿತ್ತು? 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ನೋವಿನ ಸಂಗತಿ ಬರೆದಿದ್ದಾನೆ. ಅಲ್ಲಿನ ಒಬ್ಬ ಅರಸ ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದ, ಅವನ ಸಹೋದರರೂ ಅಷ್ಟಷ್ಟೇ ಕೊಳ್ಳುತ್ತಿದ್ದರು. ಆದರೆ ವರ್ಷ ಕಳೆಯುವಷ್ಟರಲ್ಲಿ 100 ಕುದುರೆಯೂ ಉಳಿಯುತ್ತಿರಲಿಲ್ಲ. ಅವನು ಕೊಡುವ ಕಾರಣ ನಮ್ಮ ಎದೆಗೆ ತಟ್ಟಬೇಕು. ಅಲ್ಲಿ ಕುದುರೆಯ ಆರೈಕೆ ಬಲ್ಲವರಿರಲಿಲ್ಲ, ನಾಲು ಕಟ್ಟುವವರಿರಲಿಲ್ಲ. ಕುದುರೆ ಮಾರುವ ವ್ಯಾಪಾರಿಗಳು ಅಂಥ ಕುಶಲಿಗಳನ್ನು ಅಲ್ಲಿಗೆ ಹೋಗಗೊಡುತ್ತಲೂ ಇರಲಿಲ್ಲ. ಕುದುರೆ ಸತ್ತಷ್ಟೂ ಅವರಿಗೆ ಲಾಭ.

ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇನ್ನೊಂದು ವಿಷಯ ಹೇಳುತ್ತಾನೆ. ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ ಎಂದೂ ಅವನು ಬರೆದಿದ್ದಾನೆ. ಆ ಲೆಕ್ಕದಲ್ಲಿ ಕುದುರೆ ಎಷ್ಟು ಬೆಲೆಬಾಳುವ ವಸ್ತುವಾಗಿತ್ತು ಎಂಬುದು ತಿಳಿಯುತ್ತದೆ. ಆದರೆ ಹಡಗಿನ ತಳದಲ್ಲಿ ಒದ್ದಾಡಿ ಸತ್ತ ಜೀವ ಆ ಲೆಕ್ಕದಲ್ಲಿ ಒಂದು ಬಾಲವಾಗಿ ಮಾತ್ರ ಉಳಿಯಿತು.

ಬಹಮನಿ ಸುಲ್ತಾನರ ನಾಡಿನ ಚಿತ್ರ ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನ್ ಬರಹದಲ್ಲಿ ಸಿಗುತ್ತದೆ. 1469ರ ಸುಮಾರಿಗೆ ಒಂದೇ ಒಂದು ಗಂಡು ಕುದುರೆಯನ್ನು ನಂಬಿಕೊಂಡು ಅವನು ಚೌಲ್ ಬಂದರಿಗೆ ಬಂದಿಳಿದ. ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ಮಾತ್ರ ಮರಳಿ ಕೊಡುವುದಾಗಿ ಹೇಳಿದ. ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬ ಮುಸ್ಲಿಮರೇ ಆ ಪರದೇಶಿಯ ಪರವಾಗಿ ನಿಂತು ಕುದುರೆ ಬಿಡಿಸಿಕೊಟ್ಟರು. ದೀನಿನಲ್ಲಿ ಬಲಾತ್ಕಾರವಿಲ್ಲ ಎಂಬುದನ್ನು ಅಧಿಕಾರಿ ಮರೆತಿದ್ದ, ಖ್ವಾಜಾ ಮರೆತಿರಲಿಲ್ಲ. ಕೊನೆಗೆ ನಿಕಿಟಿನ್ ಆ ಕುದುರೆಯನ್ನು ಬೀದರಿನಲ್ಲಿ ಮಾರಿದ. ಇಲ್ಲಿನವರು ಕುದುರೆಗೆ ಕಾಳು ತಿನ್ನಿಸುವುದನ್ನೂ ಕಿಚಡಿ ಬೇಯಿಸಿ ಸಕ್ಕರೆ, ಎಣ್ಣೆ ಬೆರೆಸಿ ಕೊಡುವುದನ್ನೂ ಅವನು ಬರೆದಿಟ್ಟ. ಆಗ ಬೀದರಿನಲ್ಲಿ ವಜೀರರಾಗಿದ್ದ ಮಹಮೂದ್ ಗಾವಾನ್ 1472ರಲ್ಲಿ ಗೋವೆಯನ್ನು ಬಹಮನಿ ರಾಜ್ಯಕ್ಕೆ ಸೇರಿಸಿದರು, ಅದರ ಬೆನ್ನಿಗೇ ಬೆಳಗಾವಿಯನ್ನೂ ಗೆದ್ದರು. ಗೋವೆ ಕೈಯಲ್ಲಿದ್ದರೆ ಕುದುರೆ ಬರುವ ಬಾಗಿಲು ಕೈಯಲ್ಲಿದ್ದಂತೆ. 1510ರಲ್ಲಿ ಪೋರ್ಚುಗೀಸರು ಅದನ್ನು ಆದಿಲಶಾಹಿಗಳಿಂದ ಕಿತ್ತುಕೊಂಡ ಮೇಲೆ ಆ ಬಾಗಿಲಿನ ಕೀಲಿ ಅವರ ಕೈ ಸೇರಿತು.

ಗೋವೆಯಿಂದ ವಿಜಾಪುರಕ್ಕೆ ಹೋಗುವ ಹಾದಿ ನಮ್ಮ ಊರುಗಳ ಮೂಲಕವೇ ಸಾಗುತ್ತಿತ್ತು. 1638ರ ಸುಮಾರಿಗೆ ಭಾರತಕ್ಕೆ ಬಂದಿದ್ದ ಜರ್ಮನ್ ಪ್ರವಾಸಿ ಮಂಡೆಲ್ಸ್ಲೊನ ಗ್ರಂಥದಲ್ಲಿ ಆ ಹಾದಿಯ ಊರುಗಳ ನಡುವೆ ರಾಯಬಾಗವೂ ಅಥಣಿಯೂ ಇವೆ. ಘಟ್ಟ ಹತ್ತಿ, ಕೃಷ್ಣೆ ದಾಟಿ ರಾಜಧಾನಿಗೆ ಹೋಗುವ ಪ್ರಾಣಿ ದಾರಿಯಲ್ಲಿ ಎಲ್ಲೋ ತಂಗಬೇಕು, ನೀರು ಕುಡಿಯಬೇಕು, ಹುರುಳಿ ತಿನ್ನಬೇಕು, ಸವೆದ ನಾಲು ಬದಲಿಸಿಕೊಳ್ಳಬೇಕು. ಮಾರ್ಕೊ ಪೋಲೊ ಕಂಡ ಕರಾವಳಿಯಲ್ಲಿ ಇಲ್ಲದಿದ್ದ ಕೈಗಳು ಇಲ್ಲಿ ಇದ್ದವು. ನಾಲಬಂದ ಎಂಬ ಹೆಸರು ನಮ್ಮಲ್ಲಿ ಉಳಿದಿರುವುದು ಅದಕ್ಕೇ ಸಾಕ್ಷಿ.

ವಿಜಾಪುರದ ದರಬಾರು ಕುದುರೆಯನ್ನು ಕಣ್ತುಂಬ ನೋಡಿತು. ಆದಿಲಶಾಹಿ ಮನೆಯ ಸೊಸೆ ಚಾಂದ ಬೀಬಿ ಕೈಮೇಲೆ ಡೇಗೆ ಕೂರಿಸಿಕೊಂಡು ಕುದುರೆ ಓಡಿಸುವ ದಖ್ಖಣಿ ಚಿತ್ರಗಳನ್ನು ಅನೇಕರು ಕಂಡಿರಬಹುದು. ಅದೇ ವಿಜಾಪುರದ ಚಿತ್ರಕಾರರು 17ನೇ ಶತಮಾನದಲ್ಲಿ ಇನ್ನೊಂದು ಬಗೆಯ ಕುದುರೆಯನ್ನೂ ಬರೆದರು. ಬಣ್ಣದ ಅಲೆಗಳನ್ನು ಮೂಡಿಸಿದ ಅಬರಿ ಕಾಗದದ ಕೆಲಸದಲ್ಲಿ ಎಲುಬಿನ ಗೂಡಾದ, ಪಕ್ಕೆಗಳನ್ನು ಎಣಿಸಬಹುದಾದ ಒಂದು ಬಡಕಲು ಕುದುರೆ, ಅದರ ಮೇಲೊಬ್ಬ ಬಡಕಲು ಸವಾರ. ಅಂಥ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದು ನಫ್ಸಿನ, ದೇಹದ ದಂಡನೆಯ ಸಂಕೇತ ಎನ್ನುವ ವಿದ್ವಾಂಸರಿದ್ದಾರೆ. ನಮಗೆ ಅದರಲ್ಲಿ ನೇರವಾದ ಒಂದು ಪಾಠವೂ ಕಾಣುತ್ತದೆ. ಜರಿಯ ಜೀನು ಹೊತ್ತ ಕುದುರೆಯ ಮುಂದೆ ನಿಲ್ಲುವ ಕಣ್ಣು ಹಸಿದ ಕುದುರೆಯ ಮುಂದೆಯೂ ನಿಲ್ಲಬೇಕು.

1686ರಲ್ಲಿ ವಿಜಾಪುರ ಔರಂಗಜೇಬರ ವಶವಾಯಿತು. ಮುಂದೆ ಮರಾಠರ ಕಾಲ ಬಂತು. ಆಳುವವರು ಬದಲಾದರೂ ಕುದುರೆ ಬದಲಾಗಲಿಲ್ಲ. ಕಾಗವಾಡ, ಶೇಡಬಾಳದ ಕಡೆ ಪಟವರ್ಧನರ ಸರಂಜಾಮು ಇತ್ತು. ಸರಂಜಾಮು ಎಂದರೆ ಕುದುರೆ ದಂಡು ಸಾಕಲು ಕೊಟ್ಟ ಜಮೀನು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರರು ಪೇಶ್ವೆಯ ಸರಲಷ್ಕರರಾಗಿ ಹೆಸರಾದರು. ಭೀಮಾ ತೀರದ ಭೀಮಥಡಿ ಕುದುರೆಗಳು ಗಿಡ್ಡವಾದರೂ ಗಟ್ಟಿ ಎಂದು ಮರಾಠಿ ದಂಡಿನಲ್ಲಿ ಮೆಚ್ಚುಗೆ ಪಡೆದವು. ಈ ದಂಡುಗಳ ಪದ್ಧತಿಯಲ್ಲೇ ಶಿಲೇದಾರ, ಬಾರಗೀರ ಎಂಬ ಭೇದ ನಡೆದು ಬಂತು. ಶಿಲೇದಾರನ ಕುದುರೆ ಸತ್ತರೆ ಅವನ ಸಂಬಳ ಹೋಯಿತು, ಮಾನ ಹೋಯಿತು. ಅವನು ಬಾರಗೀರನಾಗಿ ಇಳಿಯಬೇಕು. ಆದ್ದರಿಂದ ತಾನು ಉಣ್ಣುವ ಮೊದಲು ಕುದುರೆಯ ಮುಸುಡಿಗೆ ಹುರುಳಿಯ ತೋಬರಾ ಕಟ್ಟುವುದು ಅವನಿಗೆ ಬದುಕಿನ ಮಾತಾಗಿತ್ತು.

ವಿದ್ಯೆಯೂ ಹೀಗೆಯೇ ಕೈಯಿಂದ ಕೈಗೆ ದಾಟಿತು. ಶಾಲಿಹೋತ್ರನ ಹೆಸರಿನ ಸಂಸ್ಕೃತ ಅಶ್ವಶಾಸ್ತ್ರವನ್ನು ಸುಲ್ತಾನರ, ಬಾದಶಾಹರ ಆಸ್ಥಾನಗಳಲ್ಲಿ ಪಾರ್ಸಿಗೆ ತಂದು ‘ಫರಸನಾಮಾ’ಗಳನ್ನು ಬರೆದರು. ಕುದುರೆಯ ವೈದ್ಯನಿಗೆ ಉರ್ದುವಿನಲ್ಲಿ ‘ಸಲೋತ್ರಿ’ ಎನ್ನುವುದು ಆ ಶಾಲಿಹೋತ್ರನ ಹೆಸರಿನಿಂದಲೇ. ಹಿಂದೂ ಪಂಡಿತನ ಗ್ರಂಥ, ಮುಸ್ಲಿಮ್ ವೈದ್ಯನ ಕೈ, ಇಬ್ಬರಿಗೂ ಸೇರಿದ ಒಂದು ರೋಗಿ ಕುದುರೆ. ನಮ್ಮ ನಾಡಿನ ಚರಿತ್ರೆಯನ್ನು ಹೀಗೂ ಓದಬಹುದು.

ನೆರೆಹೊರೆಯವರಿಂದ ಕಲಿಯಬೇಕಾದುದು ಇಂದಿಗೂ ಕಣ್ಣೆದುರಿಗೇ ಇದೆ. ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಪ್ರತಿ ವರ್ಷ ಎರಡು ಕುದುರೆಗಳು ಮಹಾರಾಷ್ಟ್ರದ ಆಳಂದಿಗೆ ಹೊರಡುತ್ತವೆ. ಸಂತ ಜ್ಞಾನೇಶ್ವರರ ಪಲ್ಲಕ್ಕಿಯ ಜೊತೆ ಪಂಢರಪುರಕ್ಕೆ ನಡೆಯುವ ಕುದುರೆಗಳು ಅವು. ಹೈಬತಬಾಬಾ ಅರಫಳಕರರು ಈ ಪಲ್ಲಕ್ಕಿ ಯಾತ್ರೆಗೆ ಈಗಿನ ರೂಪ ಕೊಟ್ಟ 19ನೇ ಶತಮಾನದ ಮೊದಲ ಭಾಗದಿಂದ ಅಂಕಲಿಯ ಮನೆತನ ಈ ಸೇವೆ ನಡೆಸಿಕೊಂಡು ಬಂದಿದೆ. ಎರಡರಲ್ಲಿ ಒಂದರ ಮೇಲೆ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂರುವಂತಿಲ್ಲ. ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ದಾರಿ. ಲಾರಿಗೆ ಹೇರಿ ಒಂದೇ ದಿನದಲ್ಲಿ ಮುಟ್ಟಿಸಬಹುದಾದರೂ ಜನ ಅವುಗಳ ಜೊತೆ ತಾವೂ ನಡೆದು, ದಾರಿಯಲ್ಲಿ ತಂಗುತ್ತಾ ಹತ್ತು ಹನ್ನೊಂದು ದಿನಗಳಲ್ಲಿ ತಲುಪುತ್ತಾರೆ.

ನಮ್ಮ ಅಕೀದಾ ಬೇರೆ, ಅವರ ಶ್ರದ್ಧೆ ಬೇರೆ, ಅದನ್ನು ಬೆರೆಸಬೇಕಾಗಿಲ್ಲ. ಆದರೆ ಒಂದು ಮೂಕ ಪ್ರಾಣಿಯ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡು ನಡೆಯುವ ಸಹನೆಯನ್ನು ನಾವು ಮೆಚ್ಚಬಹುದು, ಕಲಿಯಬಹುದು. ಹಾಗೆಯೇ ಕುರಿ ಹಿಂಡಿನ ಹಿಂದೆ ಊರೂರು ಅಲೆಯುವ ನಮ್ಮ ಭಾಗದ ಕುರುಬರನ್ನು ನೋಡಿ. ಅವರ ಸಂಸಾರವನ್ನೇ ಹೊತ್ತು ನಡೆಯುವ ಗಿಡ್ಡ ತಟ್ಟುಗಳಿಗೆ ಯಾವ ಜರಿಯೂ ಇಲ್ಲ. ಬಿಡಾರ ಬಿಟ್ಟ ಮೇಲೆ ಹೊರೆ ಇಳಿಸಿ ಹೊಲದಲ್ಲಿ ಮೇಯಲು ಬಿಟ್ಟ ಆ ತಟ್ಟು ಸಂಜೆಯ ಬೆಳಕಿನಲ್ಲಿ ನಿಂತಿರುವಾಗ, ಸೂರಃ ಅನ್ನಹ್ಲ್ ಹೇಳುವ ಚೆಲುವು ಯಾವುದೆಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ದಂಡುಗಳು ಹೋದ ಮೇಲೆ ಟಾಂಗಾ ಬಂತು. 19ನೇ ಶತಮಾನದ ಕೊನೆಯಲ್ಲಿ ಮಿರಜದಿಂದ ಬೆಳಗಾವಿಯತ್ತ ರೈಲು ಹಾದಿ ಬಿದ್ದಿತು. ರಾಯಬಾಗ, ಚಿಕ್ಕೋಡಿ ರೋಡ ನಿಲ್ದಾಣಗಳು ಆ ಊರುಗಳಿಂದ ದೂರದಲ್ಲಿದ್ದವು. ರೈಲಿಳಿದವರನ್ನು ಊರಿಗೆ, ಬಾಣಂತಿಯರನ್ನು ತವರಿಗೆ, ರೋಗಿಗಳನ್ನು ಮಿಷನ್ ಆಸ್ಪತ್ರೆಗೆ ಮುಟ್ಟಿಸಿದ್ದು ಟಾಂಗಾಗಳು. ಅವುಗಳ ಲಗಾಮು ಹಿಡಿದವರಲ್ಲಿ ನಮ್ಮ ಮನೆಗಳವರೂ ಬಹಳ ಮಂದಿ.

ಪ್ರವಾದಿ(ಸ) ಕುದುರೆ ಸಾಕುವವರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಒಬ್ಬನಿಗೆ ಕುದುರೆ ಪ್ರತಿಫಲ, ಒಬ್ಬನಿಗೆ ಮರೆ, ಒಬ್ಬನಿಗೆ ಪಾಪದ ಹೊರೆ. ಅಲ್ಲಾಹನ ಮಾರ್ಗಕ್ಕೆ ಸಾಕಿದವನಿಗೆ ಅದು ಮೇಯುವ ಹುಲ್ಲು, ಕುಡಿಯುವ ನೀರು, ಹಾಕುವ ಲದ್ದಿಗೂ ಪುಣ್ಯದ ಲೆಕ್ಕವಿದೆ. ಯಾರ ಮುಂದೆಯೂ ಕೈಯೊಡ್ಡದೆ ದುಡಿದು ಬದುಕಲು ಸಾಕಿದವನಿಗೆ, ಅದರ ಕುತ್ತಿಗೆ ಬೆನ್ನುಗಳ ಮೇಲೆ ಅಲ್ಲಾಹನ ಹಕ್ಕಿದೆ ಎಂಬುದನ್ನು ಅವನು ಮರೆಯದಿದ್ದರೆ, ಅದು ಬಡತನವನ್ನು ಮುಚ್ಚುವ ಮರೆ. ಬಡಾಯಿಗಾಗಿ, ಜನರಿಗೆ ತೋರಿಸಲು ಸಾಕಿದವನಿಗೆ ಅದೇ ಕುದುರೆ ಹೊರೆ. ನಮ್ಮ ಟಾಂಗಾವಾಲಾಗಳು ಎರಡನೆಯ ಸಾಲಿನವರು. ಕುದುರೆಯ ಬೆವರು ಒರೆಸಿ, ಜೀನಿನ ಗಾಯಕ್ಕೆ ಅರಿಶಿನ ಹಚ್ಚಿ, ಅದಕ್ಕೆ ತಿನ್ನಿಸಿ ಆಮೇಲೆ ಮನೆಯೊಳಗೆ ಹೋದ ಬಡವರನ್ನು ಚರಿತ್ರೆಯ ಪುಸ್ತಕಗಳು ನೆನೆಯುವುದಿಲ್ಲ; ನಾವು ನೆನೆಯೋಣ.

ಆಟೊಗಳು ಬಂದವು, ಟಾಂಗಾಗಳು ಹೋದವು. ನಾಲು ಬಡಿಯುವ ಕೆಲಸ ಈಗ ಕಬ್ಬಿನ ಹಂಗಾಮಿನಲ್ಲಿ ಗಾಡಿಯ ಎತ್ತುಗಳಿಗಷ್ಟೇ ಉಳಿದಿದೆ. ಕುದುರೆ ನಮಗೆ ಹೆಚ್ಚಾಗಿ ಕಾಣುವುದು ಎರಡೇ ಕಡೆ: ಮದುವೆಯ ಮೆರವಣಿಗೆಯಲ್ಲಿ, ಜಾತ್ರೆ ಉರುಸುಗಳ ಗಾಡಿ ಶರ್ಯತ್ತಿನಲ್ಲಿ. ಎರಡೂ ಕಡೆ ಅದನ್ನು ಅಂದಕ್ಕಾಗಿಯೇ ತರುತ್ತೇವೆ. ಎರಡೂ ಕಡೆ ಅದರ ಹಕ್ಕನ್ನು ಮರೆಯುತ್ತೇವೆ.

ಮದುವೆಯ ಕುದುರೆಯನ್ನೇ ನೋಡಿ. ಮದುಮಗ ಮೇಲೆ ಕುಳಿತಿರುತ್ತಾನೆ. ಮುಂದೆ ಡಿಜೆ, ಕಿವಿಯ ಹತ್ತಿರ ಪಟಾಕಿ. ಗೆಳೆಯರು ಕುಣಿಯಲೆಂದು ಮೆರವಣಿಗೆ ಒಂದೇ ಓಣಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಪ್ರಾಣಿಗಳ ಬೆನ್ನನ್ನು ಪೀಠವನ್ನಾಗಿ ಮಾಡಿಕೊಂಡು ಸುಮ್ಮನೆ ಕೂರಬಾರದು ಎಂದು ಪ್ರವಾದಿ(ಸ) ತಡೆದಿದ್ದಾರೆ. ತಲುಪಬೇಕಾದ ಊರು ತಲುಪಲು ಅವನ್ನು ಅಧೀನಗೊಳಿಸಲಾಗಿದೆ, ನಿಂತು ಮಾತಾಡಲು ನೆಲವಿದೆ. ಸುನ್ನತ್ತೆಂದು ನಿಕಾಹ್ ಮಾಡಿಕೊಳ್ಳಲು ಹೊರಟವನು ಮಸೀದಿ ಮುಟ್ಟುವ ಮೊದಲೇ ಈ ಮಾತನ್ನು ಮೀರುವುದು ಎಂಥ ವಿಪರ್ಯಾಸ!

ಶರ್ಯತ್ತಿನ ವಿಷಯ. ಕುದುರೆ ಓಡಿಸುವುದು ತಪ್ಪಲ್ಲ. ಮದೀನಾದಲ್ಲಿ ಪ್ರವಾದಿ(ಸ) ಅವರೇ ಕುದುರೆ ಓಟ ನಡೆಸಿದ್ದಾರೆ. ಅಲ್ಲಿಯೂ ಎಷ್ಟು ವಿವೇಕ! ಪಳಗಿಸಿ ಹದಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ ದೂರದ ಓಟ. ಹಾಗೆ ಹದಗೊಳಿಸದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಮಾತ್ರ. ಪ್ರಾಣಿಯ ಶಕ್ತಿಯನ್ನು ಅಳೆದು ದೂರ ಗೊತ್ತುಮಾಡುವುದು ಅಲ್ಲಿನ ನಿಯಮ. ಇಲ್ಲಿ ಗೆಲುವಿನ ಹಟದಲ್ಲಿ ಡಾಂಬರು ರಸ್ತೆಯ ಮೇಲೆ ಬಾರುಕೋಲಿನ ಏಟು, ಅಕ್ಕಪಕ್ಕ ಹಾರ್ನ್ ಬಾರಿಸುತ್ತಾ ಬೈಕುಗಳು, ಹಿಂದೆ ಕೂಗು. ಯಾರೋ ಮೂರನೆಯವರು ಕೊಡುವ ಬಹುಮಾನಕ್ಕೂ ಎರಡೂ ಕಡೆಯವರು ಹಣ ಕಟ್ಟಿ ಆಡುವ ಬಾಜಿಗೂ ವ್ಯತ್ಯಾಸವಿದೆ ಎಂದು ಉಲಮಾಗಳು ವಿವರಿಸಿದ್ದಾರೆ; ಬಾಜಿ ಜೂಜು, ಅದು ಹರಾಮ್. ಪ್ರಾಣಿಯನ್ನು ಹೊಡೆಯುವುದು, ಶಕ್ತಿಗೆ ಮೀರಿ ಓಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಅಪರಾಧವೂ ಹೌದು. ಆದರೆ ಪೊಲೀಸರ ಹೆದರಿಕೆಗಿಂತ ಮೊದಲು ಬರಬೇಕಾದುದು ಅಲ್ಲಾಹನ ಹೆದರಿಕೆ. ಹಸಿವೆ, ದುಡಿತದಿಂದ ಬಳಲಿದ ಒಂದು ಒಂಟೆ ಪ್ರವಾದಿ(ಸ) ಅವರನ್ನು ಕಂಡು ಕಣ್ಣೀರಿಟ್ಟಾಗ ಅವರು ಅದರ ಕಿವಿಯ ಹಿಂದೆ ಸವರಿ ಸಮಾಧಾನ ಮಾಡಿ, ಅದರ ಯಜಮಾನನನ್ನು ಕರೆಸಿ ಕೇಳಿದರು. ನಮ್ಮ ಊರಿನ ಶರ್ಯತ್ತಿನ ಕುದುರೆ ಅಲ್ಲಿ ನಿಂತಿದ್ದರೆ ಏನನ್ನು ದೂರುತ್ತಿತ್ತು?

ಹಾಗಾದರೆ ನಾವೇನು ಮಾಡಬಹುದು? ಜಮಾತಿನ ಹಿರಿಯರು ನಿಕಾಹ್ ಗೊತ್ತುಮಾಡುವ ದಿನವೇ ಮೆರವಣಿಗೆಯ ಮಾತನ್ನೂ ಆಡಿ ಮುಗಿಸಲಿ. ಕುದುರೆ ಬೇಕೇ ಬೇಕೆಂದರೆ ಸ್ವಲ್ಪ ದೂರ ನಡೆಸಿ ಇಳಿದುಬಿಡಲಿ. ಬಾಡಿಗೆ ಗೊತ್ತುಮಾಡುವಾಗ ತುರಾಯಿಯನ್ನಷ್ಟೇ ನೋಡದೆ ಜೀನಿನ ಅಡಿಯ ಬೆನ್ನನ್ನೂ ಗೊರಸನ್ನೂ ನೋಡಲಿ. ಗಾಯವಿದ್ದರೆ ಬೇಡ ಎನ್ನಲಿ. ಉರುಸಿನ ಕಮಿಟಿಯವರು ಬಾರುಕೋಲು, ಬಾಜಿ ಎರಡೂ ಇಲ್ಲದ ಓಟಕ್ಕೆ ಮಾತ್ರ ಒಪ್ಪಲಿ. ತಾಯಂದಿರು ಸೂರಃ ಅಲ್ ಆದಿಯಾತ್ ಕಲಿಸುವಾಗ ಅದರ ಅರ್ಥವನ್ನೂ ಹೇಳಿಕೊಡಲಿ. ಏದುಸಿರು ಬಿಡುತ್ತಾ, ಗೊರಸಿನಿಂದ ಕಿಡಿ ಹಾರಿಸುತ್ತಾ, ಧೂಳೆಬ್ಬಿಸಿ ನುಗ್ಗುವ ಕುದುರೆಗಳ ಮೇಲೆ ಆಣೆಯಿಟ್ಟ ಅಲ್ಲಾಹನು ಮರುಕ್ಷಣವೇ ಮನುಷ್ಯ ತನ್ನ ಪ್ರಭುವಿಗೆ ಕೃತಘ್ನ ಎನ್ನುತ್ತಾನೆ. ಒಂದು ಹಿಡಿ ಹುಲ್ಲು ಕೊಟ್ಟವನಿಗಾಗಿ ಕುದುರೆ ಪ್ರಾಣ ಒತ್ತೆಯಿಡುತ್ತದೆ. ಎಲ್ಲವನ್ನೂ ಕೊಟ್ಟವನನ್ನು ಮನುಷ್ಯ ಮರೆಯುತ್ತಾನೆ.

ನಾಲಬಂದ ಕುದುರೆಯ ಮುಖಕ್ಕಿಂತ ಅದರ ಕಾಲನ್ನು ಹೆಚ್ಚು ನೋಡಿದವನು. ಬಾಗಿ ಕುಳಿತು, ಗೊರಸನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊಳೆ ಜೀವಕ್ಕೆ ತಾಗದಂತೆ ಬಡಿದವನು. ಎಲ್ಲರೂ ದೂರ ನಿಂತು ಹೊಗಳಿದ ಅಂದವನ್ನು ನೆಲದಲ್ಲಿ ಕುಳಿತು ಕಾಪಾಡಿದವನು ಅವನೇ. ಆ ಹೆಸರನ್ನು ಹೊತ್ತವರು ನಮ್ಮ ನಡುವೆ ಇದ್ದಾರೆ. ಆ ಕೆಲಸದ ಅದಬು ಆ ಹೆಸರಿನವರಿಗೆ ಮಾತ್ರವಲ್ಲ, ನಮ್ಮೆಲ್ಲರಿಗೂ ಬರಲಿ. ಅಲ್ಲಾಹನು ನಮಗೆ ಅಂದವನ್ನು ಕಾಣುವ ಕಣ್ಣಿನ ಜೊತೆಗೆ ಹಕ್ಕನ್ನು ಸಲ್ಲಿಸುವ ಕೈಯನ್ನೂ ಕರುಣಿಸಲಿ. ಆಮೀನ್.